ಮೀನಿನ ಹೆಸರಿನಲ್ಲಿ ಒಂದು ಕಪ್ಪೆ

ಕುಂಬಳೆಯ ಸುಮಯ್ಯಾ ತಿರುವನಂತಪುರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ವರ್ಷಗಟ್ಟಲೆ ಮೀನಿನ ಹೃದಯ ನೋಡುತ್ತ ಕೂತಿದ್ದಳು. ದೊಡ್ಡ ಮೀನೇನಲ್ಲ. ಜೀಬ್ರಾ ಮೀನು ಅಂತ, ಮೈಮೇಲೆ ನೀಲಿ ಪಟ್ಟೆ, ಕಿರುಬೆರಳಿನಷ್ಟೂ ಉದ್ದವಿಲ್ಲ. ಅದರ ಮೊಟ್ಟೆ ಗಾಜಿನ ಹಾಗೆ. ಒಳಗೆ ನಡೆಯುವುದೆಲ್ಲ ಹೊರಗೆ ಕಾಣುತ್ತದೆ. ಇವತ್ತು ಬೆಳಿಗ್ಗೆ ಒಂದೇ ಜೀವಕೋಶವಾಗಿದ್ದದ್ದು ನಾಳೆ ಬೆಳಿಗ್ಗೆ ಹೊತ್ತಿಗೆ ಬಾಲ ಆಡಿಸುತ್ತಿರುತ್ತದೆ, ಕಣ್ಣು ಮೂಡಿರುತ್ತದೆ, ಹೃದಯ ಬಡಿಯಲು ಶುರುವಾಗಿರುತ್ತದೆ. ಇದೆಲ್ಲ ಹೇಗಾಗುತ್ತದೆ, ಎಲ್ಲಿ ತಲೆ ಬರಬೇಕು ಎಲ್ಲಿ ಬಾಲ ಬರಬೇಕು ಎಂದು ಆ ಕೋಶಗಳಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳುವ ವಿದ್ಯೆಗೆ ಬೆಳವಣಿಗೆಯ ಜೀವವಿಜ್ಞಾನ ಎಂದು ಹೆಸರು. ಸುಮಯ್ಯಾಳ ಉಮ್ಮನ ಪ್ರಶ್ನೆ ಮಾತ್ರ ಬೇರೆಯಾಗಿತ್ತು. ಹುರಿಯಲು ಹಾಕಿದರೆ ಬಾಣಲೆಯಲ್ಲೇ ಕಾಣೆಯಾಗುವ ಮೀನಿಗೆ ಇಷ್ಟು ವರ್ಷ ಓದಬೇಕಾ ಎಂದು ಆಕೆ ಪ್ರತಿ ಪೆರ್ನಾಳು ಹಬ್ಬಕ್ಕೂ ಕೇಳುತ್ತಿದ್ದಳು.

ಆ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಬೇರೊಂದು ದೇಶದ ಲ್ಯಾಬಿನವರು ಸುಮಯ್ಯಾಳ ಸಂಶೋಧನೆಯನ್ನೇ, ಅವಳಿಗಿಂತ ಮೊದಲು, ಅವಳಿಗಿಂತ ಚೆಂದದ ಚಿತ್ರಗಳೊಂದಿಗೆ ಪ್ರಕಟಿಸಿಬಿಟ್ಟರು. ಅವರೇನೂ ಕದ್ದಿರಲಿಲ್ಲ. ಕದ್ದಿದ್ದರೆ ಬೈಯಬಹುದಿತ್ತು. ಪ್ರಾಮಾಣಿಕವಾಗಿ ದುಡಿದು ಮೊದಲು ಮುಗಿಸಿದವರನ್ನು ಏನೆಂದು ಬೈಯುವುದು? ಸುಮಯ್ಯಾ ಪ್ರಬಂಧವನ್ನು ಅರ್ಧಕ್ಕೆ ಬಿಟ್ಟಳು. ತನ್ನ ಗೈಡ್ ಡಾಕ್ಟರ್ ಕಲ್ಯಾಣಿಗೆ ಒಂದು ಮಾತೂ ಹೇಳದೆ ಎರ್ನಾಕುಳಂ ರೈಲು ಹತ್ತಿದಳು.

ಕೊಚ್ಚಿಯಲ್ಲಿ ಅವಳಿಗೆ ಕೆಲಸ ಕೊಟ್ಟದ್ದು ಪಾಲಾರಿವಟ್ಟಂ ಜಂಕ್ಷನ್ನಿನ ‘ಲರ್ನ್‌ವಳ್ಳಂ’ ಎಂಬ ಆನ್‌ಲೈನ್ ಕೋಚಿಂಗ್ ಕಂಪನಿ. ವಳ್ಳಂ ಎಂದರೆ ಮಲಯಾಳದಲ್ಲಿ ದೋಣಿ. ವಿದ್ಯೆಯ ದೋಣಿ. ಹುಟ್ಟು ಹಾಕುವವರು ಮಕ್ಕಳು, ಆರಾಮಾಗಿ ಕೂತು ದಡ ಸೇರುವವನು ಮಾಲೀಕ ಅಭಿಜಿತ್. ಅಭಿಜಿತ್ ಸಭ್ಯ ಯುವಕ, ಯಾರಿಗೂ ಗದರಿದವನಲ್ಲ. ಕಂಪನಿ ಹಿಗ್ಗಿಸುವುದಕ್ಕೆ ಹೇಳುವ ‘ಸ್ಕೇಲ್’ ಎಂಬ ಪದವೊಂದಿಲ್ಲದಿದ್ದರೆ ಅವನು ಮೂಕನೇ ಆಗಿಬಿಡುತ್ತಿದ್ದ, ಅಷ್ಟೇ.

ಅವನ ಕೈಕೆಳಗೆ ‘ಕಂಟೆಂಟ್ ಹೆಡ್’ ಆಗಿದ್ದವರು ಮೈಸೂರಿನ ಅನಂತರಾಮ. ಐವತ್ತು ದಾಟಿದ ಮನುಷ್ಯ. ಮೊದಲು ನೀರು ಶುದ್ಧ ಮಾಡುವ ಯಂತ್ರ ಮಾರುತ್ತಿದ್ದರು, ಆಮೇಲೆ ಜೀವವಿಮೆ, ಈಗ ಶಿಕ್ಷಣ. ಮೂರರಲ್ಲೂ ಮೊದಲು ಹೆದರಿಸಿ ಆಮೇಲೆ ಮಾರುವುದೇ ಕೆಲಸವಾದ್ದರಿಂದ ಅನುಭವ ವ್ಯರ್ಥವಾಗಿರಲಿಲ್ಲ. ಸುಮಯ್ಯಾಳಿಗೆ ಕನ್ನಡ ಬರುತ್ತದೆ ಎಂದು ಗೊತ್ತಾದಾಗ ಅವರ ಮುಖ ಅರಳಿತು.

“ಕನ್ನಡಾನಾ! ಬಾಮ್ಮಾ, ಕೂತ್ಕೋ. ಇಲ್ಲಿ ಕನ್ನಡ ಮಾತಾಡೋಕೆ ನಂಗೆ ಮನೇಲೂ ಜನ ಇಲ್ಲ. ಮಗಳು ನಾನು ಕನ್ನಡದಲ್ಲಿ ಕೇಳಿದ್ರೆ ಮಲಯಾಳದಲ್ಲಿ ಉತ್ತರ ಕೊಡ್ತಾಳೆ. ಅದಿರಲಿ, ನಿನ್ನ ಸಬ್ಜೆಕ್ಟ್ ಏನು?”

“ಭ್ರೂಣ ಹೇಗೆ ಬೆಳೀತದೆ ಅಂತ ಸರ್.”

“ಹಾಗಂದ್ರೆ ಬಸುರಿ ಹೆಂಗಸರ ಕೋರ್ಸಾ? ಅದಕ್ಕೆ ಒಳ್ಳೆ ಮಾರ್ಕೆಟ್ ಇದೆ.”

“ಅಲ್ಲ ಸರ್. ನೊಣ, ಹುಳ, ಮೀನು, ಕಪ್ಪೆ, ಕೋಳಿ, ಇಲಿ. ಮಾದರಿ ಜೀವಿಗಳು ಅಂತ ಹೇಳ್ತಾರೆ.”

ಅನಂತರಾಮರ ಮುಖ ಅರಳಿದಷ್ಟೇ ಬೇಗ ಮುದುಡಿತು. “ಮನುಷ್ಯನ ವಿಷಯ ಹೇಳೋಕೆ ನೊಣ ಯಾಕಮ್ಮಾ?”

ಸುಮಯ್ಯಾ ತಾಳ್ಮೆಯಿಂದ ಹೇಳಿದಳು. ಮನುಷ್ಯನ ಭ್ರೂಣ ತಾಯಿಯ ಹೊಟ್ಟೆಯೊಳಗೆ ಬೆಳೆಯುತ್ತದೆ, ದಿನವೂ ಇಣುಕಲು ಆಗುವುದಿಲ್ಲ, ಮಾಡಲೂಬಾರದು. ಆದರೆ ನೊಣದ ಮೈಯಲ್ಲಿ ಎಲ್ಲಿ ತಲೆ, ಎಲ್ಲಿ ಎದೆ, ಎಲ್ಲಿ ಹೊಟ್ಟೆ ಎಂದು ಗೆರೆ ಎಳೆಯುವ ವಂಶವಾಹಿಗಳ ನೆಂಟರೇ ನಮ್ಮ ಮೈಯಲ್ಲೂ ಅದೇ ಗೆರೆ ಎಳೆಯುವುದು. ಅವುಗಳಲ್ಲಿ ಒಂದು ಹಾದಿ ತಪ್ಪಿದರೆ ನೊಣಕ್ಕೆ ಮೀಸೆಯ ಜಾಗದಲ್ಲಿ ಕಾಲು ಹುಟ್ಟುತ್ತದೆ.

“ತಲೆ ಮೇಲೆ ಕಾಲಾ?”

“ಹೌದು ಸರ್.”

“ನಮ್ಮ ಸೇಲ್ಸ್ ಡಿಪಾರ್ಟ್‌ಮೆಂಟಲ್ಲಿ ಅಂಥೋರು ಬೇಕಾದಷ್ಟಿದ್ದಾರೆ,” ಎಂದು ಅನಂತರಾಮ ಕೋರ್ಸಿಗೆ ಒಪ್ಪಿಗೆ ಕೊಟ್ಟರು. ‘ಬೆಳವಣಿಗೆಯ ಜೀವವಿಜ್ಞಾನ ಮತ್ತು ಮಾದರಿ ಜೀವಿಗಳು: ಒಂದು ಪರಿಚಯ’ ಎಂದು ಸುಮಯ್ಯಾ ಕೊಟ್ಟ ಹೆಸರು ಮೀಟಿಂಗಿನಿಂದ ಹೊರಬರುವ ಹೊತ್ತಿಗೆ ‘ಬೇಬಿ ಸೀಕ್ರೆಟ್ಸ್’ ಆಗಿತ್ತು.

ಮೊದಲ ಪಾಠ ನೊಣದ್ದು. ಚಿತ್ರೀಕರಣಕ್ಕೆ ನೊಣ ಬೇಕಲ್ಲ, ಸುಮಯ್ಯಾ ಒಂದು ಬಾಟಲಿಯಲ್ಲಿ ಕೊಳೆತ ಬಾಳೆಹಣ್ಣು ಹಾಕಿ ಕಿಟಕಿಯ ಬಳಿ ಇಟ್ಟಳು. ಕೊಚ್ಚಿಯಲ್ಲಿ ಕರೆಯದೆ ಬರುವ ಪ್ರತಿಭೆಗಳೆಂದರೆ ಹಣ್ಣಿನ ನೊಣಗಳು. ಬಂದವು, ಮೊಟ್ಟೆಯಿಟ್ಟವು, ಮೊಟ್ಟೆಯಿಂದ ಬಿಳಿಹುಳ ಬಂತು, ಹುಳ ಗಾಜಿಗಂಟಿ ಕೋಶ ಕಟ್ಟಿತು, ಎರಡನೇ ವಾರ ಕಳೆಯುವುದರೊಳಗೆ ಬಾಟಲಿಯ ತುಂಬ ಹೊಸ ನೊಣ. ಕೌಶಿಕ್ ಎಂಬ ಅನಿಮೇಷನ್ ಹುಡುಗ ಕ್ಯಾಮೆರಾ ತಂದ. ಗಾಜಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಬೀಳುತ್ತದೆ ಎಂದು ಕಲಾವಿದನ ಸಹಜ ನಿಷ್ಠೆಯಿಂದ ಬಾಟಲಿಯ ಬಾಯಿಗೆ ಒತ್ತಿದ್ದ ಹತ್ತಿಯನ್ನು ತೆಗೆದ.

ಅದೇ ದಿನ ಕಂಪನಿಗೆ ಹೂಡಿಕೆದಾರರು ಬಂದಿದ್ದರು. ಅವರ ಮುಂದೆ ಪೈನಾಪಲ್ ಜ್ಯೂಸ್ ಇತ್ತು. ಅಭಿಜಿತ್ ‘ಸ್ಕೇಲ್’ ಎಂದು ಮೂರನೇ ಸಲ ಹೇಳುವ ಹೊತ್ತಿಗೆ ಸ್ಕೇಲ್ ಎಂದರೇನು ಎಂಬುದನ್ನು ನೊಣಗಳೇ ತೋರಿಸಿಕೊಟ್ಟವು. ಒಬ್ಬ ಹೂಡಿಕೆದಾರರು ತಮ್ಮ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ, ಕುಡಿಯದೆ ಕೆಳಗಿಟ್ಟು, ವಿಮಾನಕ್ಕೆ ಹೊತ್ತಾಯಿತು ಎಂದರು. ವಿಮಾನ ಸಂಜೆಗಿತ್ತು.

ಮರುದಿನ ಅಭಿಜಿತ್ ಯಾವ ಪ್ರಾಣಿ ಕೋರ್ಸಿನಲ್ಲಿರಬೇಕು ಎಂದು ತೀರ್ಮಾನಿಸಲು ಸಭೆ ಕರೆದ. ಜೀವವಿಕಾಸಕ್ಕೆ ಕೋಟ್ಯಂತರ ವರ್ಷ ಹಿಡಿದ ಆಯ್ಕೆಯನ್ನು ಲರ್ನ್‌ವಳ್ಳಂ ಊಟದೊಳಗೆ ಮುಗಿಸಿತು.

ನೊಣದ ಹೆಸರು ಯಾರೂ ಎತ್ತಲಿಲ್ಲ. ಸುಮಯ್ಯಾ ಹುಳದ ಪರವಾಗಿ ವಾದಿಸಿದಳು. ಒಂದು ಮಿಲಿಮೀಟರಿನ ದುಂಡುಹುಳ, ಮೈಯಲ್ಲಿ ಸಾವಿರಕ್ಕೂ ಕಡಿಮೆ ಜೀವಕೋಶ, ಪ್ರತಿಯೊಂದು ಕೋಶವೂ ಯಾರ ಮಗಳು ಯಾರ ಮೊಮ್ಮಗಳು ಎಂದು ಪೂರ್ತಿ ವಂಶವೃಕ್ಷ ಬರೆದಿಟ್ಟಿದ್ದಾರೆ ಎಂದಳು.

“ನಂಗೆ ನಮ್ಮ ಮುತ್ತಜ್ಜನ ಹೆಸರೇ ಗೊತ್ತಿಲ್ಲ, ಹುಳಕ್ಕೆ ವಂಶವೃಕ್ಷ!” ಎಂದರು ಅನಂತರಾಮ.

ಹುಳ ಎಂದರೆ ಪೋಷಕರಿಗೆ ಜಂತುಹುಳದ ಮಾತ್ರೆ ನೆನಪಾಗುತ್ತದೆ ಎಂದು ಅಭಿಜಿತ್ ಅದನ್ನು ತೆಗೆದ. ಕೋಳಿಯ ಸರದಿ ಬಂತು. ಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದರೆ ಒಳಗೆ ಕೆಂಪು ಚುಕ್ಕೆಯ ಹಾಗೆ ಹೃದಯ ಮಿಡಿಯುವುದು ಕಾಣುತ್ತದೆ ಎಂದು ಸುಮಯ್ಯಾ ಹೇಳಿದಾಗ ಎಲ್ಲರೂ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಆದರೆ ಕಂಪನಿ ಮುಂದಿನ ವರ್ಷ ಉತ್ತರ ಭಾರತಕ್ಕೆ ಸ್ಕೇಲ್ ಆಗಲಿತ್ತು, ಅಲ್ಲಿ ಮೊಟ್ಟೆ ಎಂಬ ಪದಕ್ಕೇ ಪ್ರವೇಶವಿಲ್ಲದ ಮನೆಗಳಿವೆ. ಇಲಿ ಗಣಪತಿಯ ವಾಹನ ಎಂದು ಅನಂತರಾಮರೇ ತಡೆದರು. ಕಪ್ಪೆಯನ್ನು ಅಭಿಜಿತ್ ಒಂದೇ ಮಾತಿನಲ್ಲಿ ಮುಗಿಸಿದ: ಅದು ನಮ್ಮ ಅಪ್ಪಂದಿರ ಕಾಲದಲ್ಲಿ ಕಾಲೇಜಿನಲ್ಲಿ ಕೊಯ್ಯುತ್ತಿದ್ದ ಪ್ರಾಣಿ.

ಹೀಗೆ ಮೀನು ಉಳಿಯಿತು. ಕೇರಳದಲ್ಲಿ ಮೀನಿಗೆ ವಿರೋಧಿಗಳಿಲ್ಲ, ತಿನ್ನುವವರಿದ್ದಾರೆ, ಅಷ್ಟೇ.

ಸುಮಯ್ಯಾಳಿಗೆ ಇದು ಬೇಡವಾಗಿತ್ತು. ಮೀನಿನ ಮುಖ ನೋಡಬಾರದು ಎಂದೇ ಅವಳು ಇಲ್ಲಿಗೆ ಬಂದದ್ದು. ಅವಳು ಬಾಯಿ ಬಿಡುವಷ್ಟರಲ್ಲಿ ಅಭಿಜಿತ್‌ಗೆ ಸ್ಫೂರ್ತಿ ಬಂದುಬಿಟ್ಟಿತ್ತು. ಕೋರ್ಸಿನ ಉದ್ಘಾಟನೆ ತಿರುವನಂತಪುರದಲ್ಲಿ. ದೊಡ್ಡ ಸಭಾಂಗಣ, ದೊಡ್ಡ ಪರದೆ, ನಿವೃತ್ತ ಉನ್ನತಾಧಿಕಾರಿಯೊಬ್ಬರು ಮುಖ್ಯ ಅತಿಥಿ. ಅವರು ದೀಪ ಹಚ್ಚಿದ ಕೂಡಲೇ ಪರದೆಯ ಮೇಲೆ ಮೀನಿನ ಮೊಟ್ಟೆ ಒಂದರಿಂದ ಎರಡಾಗಬೇಕು. ನೇರಪ್ರಸಾರ.

“ದೀಪ ಹಚ್ಚಿದ ಕೂಡ್ಲೇ ಆಗ್ಬೇಕಂತ ಹೇಳಿದ್ರೆ ಹೇಗೆ ಸರ್?” ಸುಮಯ್ಯಾ ಆಮೇಲೆ ಅನಂತರಾಮರನ್ನು ಕೇಳಿದಳು. “ಮೀನು ಬೆಳಕು ಕಂಡ ಮೇಲೆ ಮೊಟ್ಟೆ ಇಡುದು. ಇಟ್ಟ ಮೇಲೆ ಮುಕ್ಕಾಲು ಗಂಟೆಗೆ ಒಡೀತದೆ. ಅದಕ್ಕೆ ಅದರದ್ದೇ ಹೊತ್ತು ಉಂಟು.”

“ನೀನು ಹೇಗಾದ್ರೂ ಹೊಂದಿಸಮ್ಮಾ. ಆಗದಿದ್ರೆ ಇರ್ಲಿ ಅಂತ ಕೌಶಿಕ್ ಒಂದು ವಿಡಿಯೋ ರೆಡಿ ಮಾಡಿದಾನೆ.”

ಸುಮಯ್ಯಾ ವಿಡಿಯೋ ನೋಡಿದಳು. ಗುಂಡಗಿನ ಒಂದು ಮೊಟ್ಟೆ, ಮೇಲರ್ಧ ಕಪ್ಪು, ಕೆಳಗಿನರ್ಧ ಮಾಸಲು ಬಿಳಿ. ಅದು ಕಿತ್ತಳೆ ಹಣ್ಣಿನ ಹಾಗೆ ಮೇಲಿಂದ ಕೆಳಗೆ ಸೀಳಿ ಎರಡಾಯಿತು, ನಾಲ್ಕಾಯಿತು, ಎಂಟಾಯಿತು. ಹಿನ್ನೆಲೆಯಲ್ಲಿ ಕೊಳಲು. ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ‘ಲೈವ್’. ಕೊನೆಯಲ್ಲಿ ಒಂದು ಮನುಷ್ಯರ ಮಗು ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿತ್ತು.

“ಇದು ಕಪ್ಪೆ,” ಎಂದಳು ಸುಮಯ್ಯಾ.

ಕೌಶಿಕ್ ಮಲಯಾಳದಲ್ಲಿ ಸಮಾಧಾನ ಹೇಳಿದ. “ಮೀನು ಅಂತಲೇ ಹುಡುಕಿದ್ದು ಚೇಚಿ, ಇದು ಬಂತು. ಬಣ್ಣ ಎಷ್ಟು ಚೆನ್ನಾಗಿದೆ ನೋಡಿ.”

“ಸರ್, ನೀವಾದ್ರೂ ಹೇಳಿ. ಇದು ಮೀನಲ್ಲ, ಲೈವ್ ಸಹ ಅಲ್ಲ.”

ಅನಂತರಾಮ ಕನ್ನಡಕ ತೆಗೆದು ಒರೆಸಿದರು. ವಿಮೆ ಮಾರುತ್ತಿದ್ದ ಕಾಲದಿಂದಲೂ ನಿಜ ಹೇಳಬೇಕಾದ ಸಂದರ್ಭ ಬಂದಾಗಲೆಲ್ಲ ಅವರು ಕನ್ನಡಕ ಒರೆಸುತ್ತಿದ್ದರು. “ಮೊಟ್ಟೆ ಮೊಟ್ಟೇನೇ ಕಣಮ್ಮಾ. ಯಾರಿಗೆ ಗೊತ್ತಾಗತ್ತೆ? ಕೂತಿರೋರೆಲ್ಲ ಪೇರೆಂಟ್ಸು.”

ಕಾರ್ಯಕ್ರಮದ ಹಿಂದಿನ ದಿನ ಕಂಪನಿಯವರೆಲ್ಲ ರೈಲಿನಲ್ಲಿ ತಿರುವನಂತಪುರಕ್ಕೆ ಹೋದರು. ಉಳಿದವರು ಹೋಟೆಲಿಗೆ ಹೋದಾಗ ಸುಮಯ್ಯಾ ಆಟೋ ಹಿಡಿದು ತನ್ನ ಹಳೆಯ ಲ್ಯಾಬಿಗೆ ಹೋದಳು. ಮೀನು ಬೇಕಿದ್ದರೆ ಕಲ್ಯಾಣಿ ಮೇಡಮ್ಮಿನ ಹತ್ತಿರವೇ ಕೇಳಬೇಕು. ದಾರಿಯುದ್ದಕ್ಕೂ ಅವಳು ಕ್ಷಮೆ ಕೇಳುವ ಮಾತುಗಳನ್ನು ಮಲಯಾಳದಲ್ಲಿ ಜೋಡಿಸಿದಳು, ಗೇಟಿನ ಬಳಿ ಇಂಗ್ಲಿಷಿಗೆ ಬದಲಾಯಿಸಿದಳು. ಕಲ್ಯಾಣಿ ಮಾತ್ರ ಅವಳು ನಿನ್ನೆ ಸಂಜೆ ಮನೆಗೆ ಹೋಗಿ ಇವತ್ತು ಬಂದವಳೆಂಬಂತೆ ತಲೆ ಎತ್ತಿ ನೋಡಿದರು.

“ಬಂದೆಯಾ. ಮೂರನೇ ಸಾಲಿನ ತೊಟ್ಟಿಯಲ್ಲಿ ನೀರಿನ ಉಪ್ಪು ನೋಡು, ಹೊಸ ಹುಡುಗರು ಸರಿಯಾಗಿ ಹಾಕುವುದಿಲ್ಲ.”

ಸುಮಯ್ಯಾ ಉಪ್ಪು ನೋಡಿದಳು. ತೊಟ್ಟಿಗಳ ಸಣ್ಣ ಬುಳುಬುಳು ಸದ್ದು, ಒದ್ದೆ ನೆಲ, ಮೀನಿಗೆ ಹಾಕುವ ಸೀಗಡಿಮರಿಯ ವಾಸನೆ. ಯಾವುದೂ ಬದಲಾಗಿರಲಿಲ್ಲ. ಬಂದ ವಿಷಯವನ್ನು ಅವಳು ಗಡಿಬಿಡಿಯಿಂದ ಹೇಳಿ ಮುಗಿಸಿದಳು: ಸಭಾಂಗಣ, ಪರದೆ, ನಿವೃತ್ತ ಅಧಿಕಾರಿ, ಬೇಬಿ ಸೀಕ್ರೆಟ್ಸ್.

ಕಲ್ಯಾಣಿ ನಗಲಿಲ್ಲ. ಅವರು ನಗದಿರುವುದೇ ಹೆಚ್ಚು ಅವಮಾನಕರವಾಗಿರುತ್ತಿತ್ತು. “ಜೋಡಿಗಳನ್ನು ಈಗಲೇ ಪೆಟ್ಟಿಗೆಗೆ ಹಾಕು,” ಎಂದರು. “ಗಂಡು ಹೆಣ್ಣಿನ ನಡುವೆ ತಡೆ ಇಡು. ಕಪ್ಪು ಬಟ್ಟೆ ಮುಚ್ಚು. ಬಟ್ಟೆ ತೆಗೆದಾಗ ಅವಕ್ಕೆ ಬೆಳಗಾಗುತ್ತದೆ. ತಳದ ಜಾಲರಿ ಮರೆಯಬೇಡ.”

ಜಾಲರಿ ಯಾಕೆಂದರೆ, ಇಟ್ಟ ಮೊಟ್ಟೆಗಳು ಅದರ ಕಣ್ಣುಗಳಿಂದ ಕೆಳಗೆ ಬೀಳದಿದ್ದರೆ ತಾಯ್ತಂದೆಯರೇ ತಿರುಗಿ ತಿಂದುಬಿಡುತ್ತವೆ. ಕೋಚಿಂಗ್ ಕಂಪನಿಯಲ್ಲಿ ವರ್ಷ ಕಳೆದ ಮೇಲೆ ಸುಮಯ್ಯಾಳಿಗೆ ಮೀನುಗಳ ಈ ಸ್ವಭಾವದಲ್ಲಿ ಅಂಥ ವಿಶೇಷವೇನೂ ಕಾಣಲಿಲ್ಲ.

ಹೊರಡುವಾಗ ಕಲ್ಯಾಣಿ ಒಂದೇ ಮಾತು ಸೇರಿಸಿದರು. “ಆ ವಿದೇಶದ ಲ್ಯಾಬಿನವರು ಪ್ರಕಟಿಸಿದ್ದರಲ್ಲಿ ಹೃದಯ ಯಾವಾಗ ಬಡಿಯುತ್ತದೆ ಅಂತ ಇದೆ. ಮೊದಲ ಬಡಿತ ಯಾವ ಕೋಶದಿಂದ ಶುರು ಅಂತ ಇಲ್ಲ. ಅದು ನಿನ್ನ ಚಿತ್ರಗಳಲ್ಲಿದೆ. ನೀನು ಓದದೆ ಅಳುತ್ತ ಹೋದೆ.”

ಸುಮಯ್ಯಾ ಪೆಟ್ಟಿಗೆಯನ್ನು ಎದೆಗವಚಿಕೊಂಡು ಆಟೋದಲ್ಲಿ ಕೂತಳು. ಪಾಳಯಂ ದಾಟುವವರೆಗೂ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು. ಆಮೇಲೆ ಸಿಟ್ಟನ್ನು ಟ್ರಾಫಿಕ್ಕಿನ ಮೇಲೆ ತಿರುಗಿಸಿದಳು.

ಮರುದಿನ ಸಭಾಂಗಣ ತುಂಬಿತು. ಮಕ್ಕಳು, ಮಕ್ಕಳಿಗಿಂತ ಹೆಚ್ಚು ಉತ್ಸಾಹದ ಪೋಷಕರು, ಉಪಾಹಾರದ ಕೂಪನ್ ಹಿಡಿದ ಪ್ರಾಂಶುಪಾಲರು. ವೇದಿಕೆಯ ಪಕ್ಕದ ಪುಟ್ಟ ಕೋಣೆಯಲ್ಲಿ ಸುಮಯ್ಯಾ ಸೂಕ್ಷ್ಮದರ್ಶಕ ಜೋಡಿಸಿದಳು. ಮುಖ್ಯ ಅತಿಥಿ ಪಟ್ಟಂ ಹತ್ತಿರ ಇದ್ದಾರೆ, ಇನ್ನೇನು ಬಂದರು ಎಂದು ಫೋನ್ ಬಂತು. ಅಭಿಜಿತ್ ಕೈಸನ್ನೆ ಮಾಡಿದ. ಸುಮಯ್ಯಾ ಬಟ್ಟೆ ತೆಗೆದು ತಡೆ ಎತ್ತಿದಳು. ಮೀನುಗಳಿಗೆ ಬೆಳಗಾಯಿತು. ಗಂಡು ಹೆಣ್ಣನ್ನು ಬೆನ್ನಟ್ಟಿತು, ಸ್ವಲ್ಪ ಹೊತ್ತಿಗೆ ಜಾಲರಿಯ ಕೆಳಗೆ ಮಣಿಗಳ ಹಾಗೆ ಮೊಟ್ಟೆ ಬಿದ್ದವು. ಮೀನುಗಳು ಹೇಳಿದ ಮಾತು ನಡೆಸಿಕೊಟ್ಟವು.

ಮುಖ್ಯ ಅತಿಥಿ ನಡೆಸಿಕೊಡಲಿಲ್ಲ. ಪಟ್ಟಂನಲ್ಲಿದ್ದವರು ಪಟ್ಟಂನಲ್ಲೇ ಇದ್ದರು. ದಾರಿಯಲ್ಲಿ ಇನ್ನೊಂದು ಉದ್ಘಾಟನೆ ಇತ್ತಂತೆ.

“ಅದನ್ನು ಸ್ವಲ್ಪ ನಿಲ್ಲಿಸಿ,” ಎಂದ ಅಭಿಜಿತ್, ಮೊಟ್ಟೆಗಳನ್ನು ತೋರಿಸಿ.

“ಅದಕ್ಕೆ ಬಟನ್ ಇಲ್ಲ,” ಎಂದಳು ಸುಮಯ್ಯಾ ಮಲಯಾಳದಲ್ಲಿ.

ಇಷ್ಟು ಸಾಲದೆಂಬಂತೆ ಸೂಕ್ಷ್ಮದರ್ಶಕದ ಕ್ಯಾಮೆರಾದಿಂದ ಪರದೆಗೆ ಹೋಗುವ ಕೇಬಲ್ ಹೊಂದಲಿಲ್ಲ. ಬೇರೆ ಕೇಬಲ್ ಹುಡುಕಲು ಹೋಗುವಾಗ ಅವಳು ಅನಂತರಾಮರನ್ನು ಕೂರಿಸಿದಳು. ಅವರು ಅಂದಿನ ನಿರೂಪಕರು. ಇಂಗ್ಲಿಷಿನಲ್ಲಿ ಬರೆದುಕೊಂಡ ಸ್ವಾಗತದ ಚೀಟಿ ಹಿಡಿದು ಬೆವರುತ್ತಿದ್ದರು.

“ಸರ್, ಇದನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ. ಬೇಕಾದ್ರೆ ಇಲ್ಲಿ ಕಣ್ಣಿಟ್ಟು ನೋಡ್ತಾ ಇರಿ. ಮೇಜು ಮಾತ್ರ ಅಲ್ಲಾಡಿಸ್ಬೇಡಿ ಮಾರಾಯ್ರೆ.”

ಅನಂತರಾಮ ಕನ್ನಡಕ ಹಣೆಗೇರಿಸಿ ಕಣ್ಣಿಟ್ಟರು. ಮೊದಲು ತಮ್ಮ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ಒಂದು ತಿಳಿಗೋಳ. ಒಳಗೆ ದೊಡ್ಡದೊಂದು ಹಳದಿಯ ಉಂಡೆ, ಅದರ ನೆತ್ತಿಯ ಮೇಲೆ ನೀರಿನ ಹನಿಯಷ್ಟು ಸ್ವಚ್ಛವಾದ ಸಣ್ಣ ಟೋಪಿ. ಅಷ್ಟೇ. ಅವರು ವಿಡಿಯೋದಲ್ಲಿ ಕಂಡದ್ದಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಕೊಳಲಿಲ್ಲ, ಬಣ್ಣವಿಲ್ಲ. ಬೇಸರವಾಗಿ ಕಣ್ಣು ತೆಗೆಯಬೇಕೆನ್ನುವಷ್ಟರಲ್ಲಿ ಆ ಟೋಪಿಯ ನಡುವೆ ಒಂದು ಮಸುಕು ಗೆರೆ ಬಿತ್ತು. ತಮ್ಮ ಕಣ್ಣಿನ ದೋಷವೆಂದು ಅವರು ರೆಪ್ಪೆ ಬಡಿದರು. ಗೆರೆ ಹೋಗಲಿಲ್ಲ. ಅದು ನಿಧಾನವಾಗಿ ಆಳವಾಯಿತು, ಯಾರೂ ಹಿಡಿಯದ ದಾರವೊಂದು ಬೆಣ್ಣೆಯನ್ನು ಕೊಯ್ದಂತೆ. ಹಳದಿ ಉಂಡೆ ಹಾಗೇ ಇತ್ತು. ಟೋಪಿ ಮಾತ್ರ ಎರಡಾಯಿತು.

ಸುಮಯ್ಯಾ ಕೇಬಲ್ ಸಿಗದೆ ಬರಿಗೈಯಲ್ಲಿ ಬಂದಾಗಲೂ ಅವರು ಬಗ್ಗಿಯೇ ಇದ್ದರು.

“ಸರ್?”

“ಎರಡಾಯ್ತಮ್ಮಾ,” ಎಂದರು. ಧ್ವನಿ ಸಣ್ಣಗಿತ್ತು. “ಯಾರೂ ಏನೂ ಮಾಡ್ಲಿಲ್ಲ. ಅದಾಗಿ ಅದೇ ಎರಡಾಯ್ತು. ನಾನೂ ಒಂದು ದಿನ ಹೀಗೇ ಇದ್ನಾ?”

“ಎಲ್ಲರೂ ಸರ್. ಮುಖ್ಯ ಅತಿಥಿ ಸಹ.”

“ನನ್ನ ಮಗಳೂ,” ಎಂದು ಅವರು ಮತ್ತೆ ಬಗ್ಗಿದರು. ನಾಲ್ಕಾದದ್ದನ್ನೂ ನೋಡಿದರು, ಎಂಟಾದದ್ದನ್ನೂ ನೋಡಿದರು. ಸ್ವಾಗತದ ಚೀಟಿ ಕೆಳಗೆ ಬಿದ್ದು ಒದ್ದೆ ನೆಲಕ್ಕೆ ಅಂಟಿಕೊಂಡಿತು.

ಮುಖ್ಯ ಅತಿಥಿ ಬಂದರು. ನಿಲವಿಳಕ್ಕಿನ ದೀಪ ಹಚ್ಚಿದರು. ಮಕ್ಕಳು ನಾಡಿನ ಭವಿಷ್ಯ ಎಂಬ ಯಾರೂ ಅಲ್ಲಗಳೆಯದ ಸಂಗತಿಯನ್ನು ಬಹಳ ಹೊತ್ತು ಸಾಧಿಸಿದರು. ಮೊಟ್ಟೆಯ ಮೇಲೆ ಅಷ್ಟರಲ್ಲಿ ಕೋಶಗಳು ಒಂದರ ಮೇಲೊಂದು ಪೇರಿ ಮಲ್ಲಿಗೆ ಮೊಗ್ಗಿನ ರಾಶಿಯಂತಾಗಿದ್ದವು. ಅಭಿಜಿತ್ ಬಂದು ಸೂಕ್ಷ್ಮದರ್ಶಕದಲ್ಲಿ ಇಣುಕಿ, ಇದರಲ್ಲಿ ನೋಡುವಂಥದ್ದೇನಿಲ್ಲ ಎಂದು ಕೌಶಿಕ್‌ಗೆ ತಲೆಯಾಡಿಸಿದ.

ದೀಪಗಳು ಆರಿದವು. ಕೊಳಲು ಕೇಳಿತು. ಪರದೆಯ ತುಂಬ ಕಪ್ಪೆಯ ಮೊಟ್ಟೆ ಮೂಡಿತು, ಮೂಲೆಯಲ್ಲಿ ‘ಲೈವ್’. ಸಭೆ ಚಪ್ಪಾಳೆ ತಟ್ಟಿತು. ಮುಖ್ಯ ಅತಿಥಿ ಪಕ್ಕದವರಿಗೆ ಕೇಳಿಸುವಂತೆ, ಮೀನಿನ ಲಕ್ಷಣ ಈಗಲೇ ಕಾಣುತ್ತಿದೆ ಎಂದರು. ಈಗ ಅನಂತರಾಮ ಮೈಕಿನಲ್ಲಿ ಹೇಳಬೇಕಾದದ್ದು ಒಂದೇ ವಾಕ್ಯ: ನಿಮ್ಮ ಕಣ್ಣೆದುರಿಗೇ ಜೀಬ್ರಾ ಮೀನಿನ ಮೊಟ್ಟೆ ಒಡೆಯುತ್ತಿದೆ.

ಅವರು ಮೈಕಿನ ಮುಂದೆ ನಿಂತರು. ಕನ್ನಡಕ ತೆಗೆದರು. ಆದರೆ ಒರೆಸಲಿಲ್ಲ.

“ಇದು ಮೀನಲ್ಲ,” ಎಂದರು ಇಂಗ್ಲಿಷಿನಲ್ಲಿ. “ಇದು ಕಪ್ಪೆ. ಇದು ಲೈವ್ ಕೂಡ ಅಲ್ಲ. ಮೀನಿನಲ್ಲಿ ಇಡೀ ಮೊಟ್ಟೆ ಸೀಳೋದಿಲ್ಲ, ಮೇಲಿನ ಟೋಪಿ ಮಾತ್ರ ಒಡೆಯೋದು. ನಾನು ಈಗ ತಾನೇ ನೋಡಿದೆ.” ಆಮೇಲೆ ಇಂಗ್ಲಿಷ್ ಸಾಲದೆ ಕನ್ನಡಕ್ಕೆ ಜಾರಿದರು: “ನಿಮಗೆಲ್ಲ ಟೋಪಿ ಹಾಕ್ತಾ ಇದೀವಿ. ದಯವಿಟ್ಟು ಎದ್ದು ಬನ್ನಿ, ಆ ರೂಮಲ್ಲಿ ನಿಜವಾದ್ದಿದೆ.”

ಕೊನೆಯ ಮಾತು ಸಭೆಗೆ ಅರ್ಥವಾಗಲಿಲ್ಲ. ಅವರ ಬೆರಳು ತೋರಿಸಿದ ದಿಕ್ಕು ಅರ್ಥವಾಯಿತು. ಮಕ್ಕಳು ಎದ್ದರು. ಪೋಷಕರು ಕೈ ಹಿಡಿದೆಳೆದರೂ ಕೂರಲಿಲ್ಲ. ಪುಟ್ಟ ಕೋಣೆಯ ಬಾಗಿಲಲ್ಲಿ ನೂಕುನುಗ್ಗಲಾಯಿತು. ಸುಮಯ್ಯಾ ಮೇಜಿನ ಎರಡೂ ಬದಿ ಗಟ್ಟಿಯಾಗಿ ಹಿಡಿದು, “ಒಬ್ಬೊಬ್ಬರೇ, ಒಬ್ಬೊಬ್ಬರೇ” ಎಂದು ಗಂಟಲು ಹರಿದುಕೊಂಡಳು. ಮುಖ್ಯ ಅತಿಥಿಗೂ ಆಸೆಯಾಯಿತು. ಅವರಿಗೆ ಸಾಲು ತಪ್ಪಿಸಿ ಅಭ್ಯಾಸವಿತ್ತು, ಆದರೆ ಮುಂದಿದ್ದ ಹುಡುಗಿ ಜಾಗ ಬಿಡಲಿಲ್ಲ. ಬಹುಶಃ ಸರ್ಕಾರಿ ಸೇವೆಗೆ ಸೇರಿದ ಮೇಲೆ ಮೊದಲ ಸಲ ಅವರು ಸಾಲಿನಲ್ಲಿ ನಿಂತರು. ಹೊರಗೆ ಖಾಲಿ ಸಭಾಂಗಣದ ಪರದೆಯಲ್ಲಿ ಮನುಷ್ಯರ ಮಗು ಕಪ್ಪೆಯಿಂದ ಹುಟ್ಟಿ ಒಂಟಿಯಾಗಿ ನಗುತ್ತಿತ್ತು.

ಅಭಿಜಿತ್ ಆ ದಿನವೂ ಯಾರಿಗೂ ಗದರಲಿಲ್ಲ. ಯಾರೋ ತೆಗೆದ ವಿಡಿಯೋ ಸಂಜೆಯೊಳಗೆ ಕೇರಳವಿಡೀ ಸುತ್ತಿತು. ಕಪ್ಪೆಗೆ ಮೀನಿನ ಹೆಸರಿಟ್ಟ ಕೋಚಿಂಗ್ ಕಂಪನಿ ಎಂದು ಜನ ನಕ್ಕರು. ಮರುದಿನ ಲರ್ನ್‌ವಳ್ಳಂ ಪ್ರಕಟಣೆ ಹೊರಡಿಸಿತು: ಅದು ಬೇಕೆಂದೇ ಮಾಡಿದ ತಪ್ಪು, ವಿದ್ಯಾರ್ಥಿಗಳ ವೀಕ್ಷಣಾಶಕ್ತಿಯನ್ನು ಪರೀಕ್ಷಿಸುವ ನವೀನ ಬೋಧನಾ ವಿಧಾನ. ಅದರ ಮರುದಿನ ‘ಕಪ್ಪೆ ಹಿಡಿಯಿರಿ’ ಎಂಬ ಸ್ಪರ್ಧೆ ಘೋಷಣೆಯಾಯಿತು. ಕಂಪನಿಯ ಪಾಠಗಳಲ್ಲಿ ತಪ್ಪು ಹುಡುಕಿದವರಿಗೆ ಬಹುಮಾನ. ಬಂದ ಉತ್ತರಗಳ ಸಂಖ್ಯೆ ನೋಡಿ ಸ್ಪರ್ಧೆಯನ್ನು ವಾರದೊಳಗೆ ನಿಲ್ಲಿಸಬೇಕಾಯಿತು.

ಬೇಬಿ ಸೀಕ್ರೆಟ್ಸ್ ಕೋರ್ಸು ಹುಟ್ಟುವ ಮೊದಲೇ ಮುಗಿಯಿತು. ಪ್ರವೇಶಪರೀಕ್ಷೆಯಲ್ಲಿ ಈ ವಿಷಯದ ಮೇಲೆ ಒಂದೆರಡೇ ಪ್ರಶ್ನೆ ಬರುವುದು, ಅದಕ್ಕೆ ಇಷ್ಟೆಲ್ಲ ಪ್ರಾಣಿ ಯಾಕೆ ಎಂದು ಅಭಿಜಿತ್‌ಗೆ ತಡವಾಗಿ ಹೊಳೆಯಿತು. ಅನಂತರಾಮರನ್ನು ಕೆಲಸದಿಂದ ತೆಗೆದರೆ ಮತ್ತೆ ಸುದ್ದಿಯಾಗುತ್ತದೆ ಎಂದು ಅವರಿಗೆ ಬಡ್ತಿ ಕೊಟ್ಟು ಅಂಬಲಮುಗಳ್‌ಗೆ ಕಳಿಸಿದರು. ಅಲ್ಲಿ ರಿಫೈನರಿ ನೌಕರರ ಮಕ್ಕಳಿಗೆ ಹೊಸ ಸೆಂಟರ್, ಅವರೇ ಮುಖ್ಯಸ್ಥರು, ಸದ್ಯಕ್ಕೆ ಅವರೇ ಜವಾನರು.

ಸುಮಯ್ಯಾಳಿಗೆ ಯಾರೂ ಬಡ್ತಿ ಕೊಡಲಿಲ್ಲ. ಅವಳು ರಾಜೀನಾಮೆ ಕಳಿಸಿ ತಿರುವನಂತಪುರಕ್ಕೆ ಮರಳಿದಳು. ಕಲ್ಯಾಣಿ ಅದಕ್ಕೂ ಆಶ್ಚರ್ಯ ತೋರಿಸಲಿಲ್ಲ. ಅವಳ ಹಳೆಯ ಮೇಜನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ, ಅದರ ಮೇಲೆ ಮುರಿದ ಪಂಪುಗಳನ್ನು ಮಾತ್ರ ಪೇರಿಸಿದ್ದರು. ಪಂಪುಗಳನ್ನು ಕೆಳಗಿಳಿಸಿ ಸುಮಯ್ಯಾ ತನ್ನ ಹಳೆಯ ಚಿತ್ರಗಳನ್ನು ತೆರೆದಳು. ಮೇಡಮ್ ಹೇಳಿದ್ದು ನಿಜವಾಗಿತ್ತು. ಇದನ್ನು ಆಗಲೇ ನೋಡಬಾರದಿತ್ತೇ ಎಂದು ಒಂದು ಇಡೀ ಮಧ್ಯಾಹ್ನ ತನ್ನನ್ನೇ ಬೈದುಕೊಂಡು, ಸಂಜೆಯ ಹೊತ್ತಿಗೆ ಬರೆಯಲು ಕೂತಳು.

ಅನಂತರಾಮ ಅಂಬಲಮುಗಳ್‌ನಿಂದ ಫೋನ್ ಮಾಡುತ್ತಲೇ ಇದ್ದರು. ಅವಳಿ ಮಕ್ಕಳು ಹೇಗಾಗುತ್ತಾರೆ, ಎಡಗೈ ಬಲಗೈಗಳಿಗೆ ಒಂದೇ ಉದ್ದ ಬೆಳೆಯಬೇಕೆಂದು ಯಾರು ಅಳತೆ ಕೊಡುತ್ತಾರೆ, ನೊಣದ ತಲೆ ಮೇಲೆ ಬಂದ ಆ ಕಾಲಿಗೆ ನಡೆಯಲು ಬರುತ್ತದೆಯೇ. ಬರೆಯುತ್ತಿದ್ದವಳಿಗೆ ಕಾಟವಾಯಿತು. ಒಮ್ಮೆ ಬಂದು ನೋಡಿಕೊಂಡು ಹೋಗಿ ಎಂದಳು. ಅವರು ನಿಜವಾಗಿಯೂ ಬಂದರು, ಹೈಸ್ಕೂಲು ಓದುವ ಮಗಳು ದಿಶಾಳನ್ನು ಕರೆದುಕೊಂಡು.

ಸುಮಯ್ಯಾ ಹಿಂದಿನ ದಿನದ ಭ್ರೂಣವೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಬಾಲ ಚಿಮ್ಮಿಸುತ್ತಿತ್ತು. ಕಣ್ಣಿನ ಕೆಳಗೆ, ಸಾಸಿವೆಗಿಂತ ಎಷ್ಟೋ ಸಣ್ಣದೊಂದು ಕೊಳವೆ ಹಿಗ್ಗಿ ಕುಗ್ಗುತ್ತಿತ್ತು. ಅನಂತರಾಮ ಬಗ್ಗಿದವರು ಏಳಲೇ ಇಲ್ಲ.

“ಅಪ್ಪಾ, ಮದಿ. ಎನಿಕ್ಕುಂ ಕಾಣಣಂ,” ಸಾಕು, ನಾನೂ ನೋಡಬೇಕು ಎಂದು ದಿಶಾ ಅವರ ಅಂಗಿ ಜಗ್ಗಿದಳು.

“ತಡಿಯೇ. ಇದಕ್ಕೆ ಬಡಿ ಅಂತ ಮೊದಲು ಹೇಳಿದ್ದು ಯಾರಮ್ಮಾ ಸುಮಯ್ಯಾ?”

“ಅದೇ ಸರ್ ನನ್ನ ಕೊನೆಯ ಅಧ್ಯಾಯ,” ಎಂದಳು ಸುಮಯ್ಯಾ. “ನೀವು ದಿನಾ ಫೋನ್ ಮಾಡುದು ನಿಲ್ಲಿಸಿದ್ರೆ ಬರ್ದು ಮುಗಿಸ್ತೇನೆ. ಈಗ ಏಳಿ, ಮಗು ಕಾಯ್ತಾ ಉಂಟು.”